ಮೀನು ಸಾಯದ ಬಾವಿ

ರಾಬರ್ಟ್‌ಸನ್‌ಪೇಟೆ

ವಿದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನೂ ಬೇಕಾದಷ್ಟು ಓದಿದ್ದೇನೆ. ಅವರೆಲ್ಲ ಗೋಪುರ ನೋಡಿರುತ್ತಾರೆ, ಹಿಮ ನೋಡಿರುತ್ತಾರೆ, ಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಂಡಿರುತ್ತಾರೆ. ನಾನು ಪೋಲೆಂಡ್ ದೇಶಕ್ಕೆ ಹೋಗಿ ನೋಡಿ ಬಂದದ್ದು ಎಂಟು ಕಪ್ಪೆಚಿಪ್ಪುಗಳನ್ನು. ಆ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ. ತಪ್ಪಾಗಿ ಬರೆಯುವುದಕ್ಕಿಂತ ಬರೆಯದಿರುವುದೇ ವಾಸಿ ಅಂತ ಬಿಟ್ಟಿದ್ದೇನೆ.

ನನ್ನ ಹೆಸರು ನಾರಾಯಣಸ್ವಾಮಿ, ಸರ್ಕಾರಿ ಆರೋಗ್ಯ ಸಹಾಯಕ. ಇರುವುದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ಸುತ್ತುವುದು ಬಂಗಾರಪೇಟೆ, ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಲ್ಲಿ. ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೆ, ತೊಟ್ಟಿಗೆ ಗಪ್ಪಿ ಮೀನು ಬಿಡುವುದು ನನ್ನ ಕೆಲಸದಲ್ಲಿ ದೊಡ್ಡ ಪಾಲು. ಸ್ಕೂಟರಿನ ಮುಂದೆ ಮೀನಿನ ಕ್ಯಾನು, ಹಿಂದೆ ಬ್ಲೀಚಿಂಗ್ ಪೌಡರ್ ಚೀಲ, ಇಪ್ಪತ್ತೆರಡು ವರ್ಷದಿಂದ ಇದೇ ಸವಾರಿ. ನಮ್ಮ ಡಾಕ್ಟರ ಹೆಸರು ಗೊತ್ತಿಲ್ಲದ ಹಳ್ಳಿಯವರಿಗೂ ನನ್ನ ಮೀನು ಗೊತ್ತು.

ನನ್ನ ತಂಗಿ ಮಂಜುಳಳನ್ನು ಕೊಟ್ಟಿರುವುದು ಕ್ಯಾಸಂಬಳ್ಳಿ ಆಚೆಯ ಒಂದು ಹಳ್ಳಿಗೆ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿ, ಧಾರೆ ಎರೆದು ಕೊಟ್ಟವನು ನಾನೇ. ಗಂಡ ಡೈರಿಗೆ ಹಾಲು ಹಾಕುತ್ತಾನೆ. ಒಬ್ಬಳೇ ಮಗಳು, ಏಳು ವರ್ಷದ ಭವ್ಯ. ಭವ್ಯ ಹುಟ್ಟುವ ಮೊದಲೇ ಆ ಊರಿನ ಸೇದೋ ಬಾವಿ ಬತ್ತಿ, ಅದರ ತಳದಲ್ಲೇ ಬೋರು ಕೊರೆಸಿದ್ದರು. ನೀರು ಉಕ್ಕಿ ಬಾವಿ ಮತ್ತೆ ತುಂಬಿಕೊಂಡಿತು. ನಾನು ಮೀನು ಬಿಟ್ಟೆ. ಅವು ಮರಿ ಹಾಕಿ ಬಾವಿ ತುಂಬ ಆದವು. ಕುಡಿಯಬಹುದಾ ಅಂತ ಹೆಂಗಸರು ಕೇಳಿದಾಗ ನಾನು ಕಟ್ಟೆ ಮೇಲಿಂದ ಬಗ್ಗಿ ನೋಡಿ, ಮೀನೇ ಇಷ್ಟು ಚೆನ್ನಾಗಿವೆ, ನಿಮಗೇನಾಗುತ್ತೆ, ಕುಡೀರಿ ಅಂದಿದ್ದೆ.

ಆ ಮಾತು ಆ ಊರಿನಲ್ಲಿ ಬೇರು ಬಿಟ್ಟಿತು. ಯಾವ ನೀರಾದರೂ ಸರಿ, ನಂಬುವ ಮೊದಲು ಒಂದು ಪಾತ್ರೆಗೆ ಹಿಡಿದು, ಬಾವಿಯಿಂದ ಎರಡು ಮೀನು ತಂದು ಬಿಡುವುದು ಅಲ್ಲಿನ ಹೆಂಗಸರ ಪದ್ಧತಿಯಾಯಿತು. ಊರಿಗೆ ಶುದ್ಧ ನೀರಿನ ಘಟಕ ಬಂದು, ಫಿಲ್ಟರ್ ನೀರು ಬಿಟ್ಟ ಮೊದಲ ದಿನವೂ ಹಾಗೇ ಮಾಡಿದರು. ಟ್ಯಾಂಕು ತೊಳೆದಿದ್ದ ಪೌಡರ್ ಇನ್ನೂ ನೀರಲ್ಲಿ ಉಳಿದಿತ್ತು, ಮಧ್ಯಾಹ್ನದೊಳಗೆ ಮೀನು ಮೇಲಕ್ಕೆ ತೇಲಿದವು. ಫಿಲ್ಟರ್ ನೀರು ವಿಷ ಅಂತ ಊರಿಗೆ ಊರೇ ತೀರ್ಮಾನಿಸಿತು. ಅದು ಪೌಡರ್ ಮಾಡಿದ ಕೆಲಸ, ಎರಡು ದಿನ ಬಿಟ್ಟು ನೋಡಿ ಅಂತ ನಾನು ಒಂದು ಸಲ ಹೇಳಿದೆ, ಎರಡನೇ ಸಲ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮೀನಿಗೆ ಸಿಕ್ಕ ಮರ್ಯಾದೆ ನೋಡಿ ನಾನು ಒಳಗೊಳಗೇ ಹಿಗ್ಗಿದ್ದೆ. ಘಟಕಕ್ಕೆ ಬೀಗ ಬಿತ್ತು.

ಪೋಲೆಂಡಿನ ಮಾರ್ತಾ ಎಂಬಾಕೆ ಸೊಳ್ಳೆ ವಿಷಯ ಓದಲು ನಮ್ಮ ಕಡೆ ಬಂದಿದ್ದರು. ಪಾತ್ರೆಗೆ ಮೀನು ಬಿಡುವ ಈ ಪದ್ಧತಿ ನೋಡಿ ಕಣ್ಣರಳಿಸಿ ಫೋಟೊ ತೆಗೆದುಕೊಂಡರು. ತಮ್ಮೂರಿನಲ್ಲೂ ಕುಡಿಯುವ ನೀರನ್ನು ಜೀವಿಗಳೇ ಕಾಯುತ್ತವೆ ಅಂದರು. ಒಂದು ವರ್ಷದ ಮೇಲೆ, ಹಾಗೆ ಜೀವಿಗಳಿಂದ ನೀರು ಕಾಯಿಸುವವರದೇ ಒಂದು ಸಭೆಗೆ ನನಗೆ ಆಹ್ವಾನವೂ ಟಿಕೆಟ್ಟೂ ಬಂದವು. ಬಾವಿಯ ಕಥೆಯನ್ನು ನಾನೇ ಬಂದು ಹೇಳಬೇಕಂತೆ. ಕಚೇರಿಯಲ್ಲಿ ಅನುಮತಿ ಸಿಗುವಷ್ಟರಲ್ಲಿ ನನ್ನ ಚಪ್ಪಲಿ ಸವೆದದ್ದು ಬೇರೆ ಕಥೆ.

ಆಗಲೇ ಭವ್ಯಳ ಕಾಲು ಬಗ್ಗುತ್ತಿದ್ದವು. ನಡೆಯುವಾಗ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು, ಪಾದಗಳು ದೂರ ದೂರ. ಶಕ್ತಿ ಸಾಲದು ಅಂತ ನಾನು ಟಾನಿಕ್ ಕೊಡಿಸಿದ್ದೆ. ವಿದೇಶದಿಂದ ಬಂದ ಮೇಲೆ ಕೋಲಾರದ ಮೂಳೆ ಡಾಕ್ಟರಿಗೆ ತೋರಿಸೋಣ ಅಂತ ಮಂಜುಳಳಿಗೆ ಹೇಳಿ ಹೊರಟೆ.

ವಿಮಾನ ನಿಲ್ದಾಣ

ಬಂಗಾರಪೇಟೆಯಲ್ಲಿ ರೈಲು ಹತ್ತಿಸಲು ಮಂಜುಳ ಬಂದಿದ್ದಳು. ಹುರಿಹಿಟ್ಟು, ಕಡಲೆಬೀಜದ ಚಟ್ನಿಪುಡಿ, ಜೊತೆಗೆ ಎರಡು ಲೀಟರ್ ಬಾಟಲಿನಲ್ಲಿ ಬಾವಿ ನೀರು. ಕಂಡಕಂಡ ನೀರು ಕುಡಿದು ಗಂಟಲು ಕೆಡಿಸಿಕೊಳ್ಳಬೇಡ ಅಂದಳು.

ದೇವನಹಳ್ಳಿಯ ನಿಲ್ದಾಣದಲ್ಲಿ ತಪಾಸಣೆಯವನು ಬಾಟಲನ್ನು ಎತ್ತಿ, ಚೆಲ್ಲಿ ಅಂದ. ನೀರು ಯಾಕಪ್ಪಾ ಚೆಲ್ಲಬೇಕು ಅಂತ ವಾದ ಹಾಕಿದೆ. ನಮ್ಮ ಕಡೆಯವನಿಗೆ ನೀರು ಚೆಲ್ಲು ಅನ್ನುವುದೂ ಅನ್ನ ಎಸಿ ಅನ್ನುವುದೂ ಒಂದೇ. ಕೊನೆಗೆ ಸಾಲಿನಿಂದ ಪಕ್ಕಕ್ಕೆ ಸರಿದು ಪೂರ್ತಿ ಬಾಟಲು ಅಲ್ಲೇ ಕುಡಿದು ಮುಗಿಸಿದೆ. ಜನ ನೋಡಿ ನಕ್ಕರು. ಆಮೇಲೆ ವಿಮಾನದಲ್ಲಿ ಎಷ್ಟು ಸಲ ಎದ್ದು ಹೋದೆ ಅನ್ನುವುದನ್ನು ಪಕ್ಕದಲ್ಲಿ ಕೂತಿದ್ದ ಹೆಂಗಸು ಬದುಕಿರುವವರೆಗೂ ಮರೆಯಲಾರಳು.

ಮೊದಲನೆಯ ದಿನ

ಅಲ್ಲಿನ ಜನ ಸುಮ್ಮಸುಮ್ಮನೆ ನಗುವುದಿಲ್ಲ. ನಾನು ಬಸ್ಸಿನಲ್ಲಿ ಎದುರಿಗೆ ಕೂತವರಿಗೆಲ್ಲ ನಮ್ಮ ಅಭ್ಯಾಸದಂತೆ ನಕ್ಕೆ. ಒಬ್ಬ ಮುದುಕ ತನ್ನ ಕೋಟಿನ ಗುಂಡಿ ಸರಿಯಾಗಿದೆಯಾ ಅಂತ ನೋಡಿಕೊಂಡ. ಇನ್ನೊಬ್ಬಾಕೆ ಜಾಗ ಬದಲಾಯಿಸಿದಳು.

ಹೋಟೆಲಿನಲ್ಲಿ ನೀರು ಕೇಳಿದೆ. ಗಾಜಿನ ಬಾಟಲು ಬಂತು, ಒಂದು ಗುಟುಕು ಕುಡಿದೆ, ಮೂಗಿನಲ್ಲೆಲ್ಲ ನೊರೆ. ಬರೀ ಸೋಡಾ. ನಿಂಬೆಹಣ್ಣು ಇಲ್ಲ, ಉಪ್ಪು ಇಲ್ಲ, ಜನ ಅದನ್ನೇ ಊಟದ ಜೊತೆ ಗಟಗಟ ಕುಡಿಯುತ್ತಿದ್ದರು. ನಲ್ಲಿ ನೀರು ಕುಡಿಯಬಹುದಾ ಅಂತ ಮಾರ್ತಾರನ್ನು ಕೇಳಿದೆ. ಧಾರಾಳವಾಗಿ ಅಂದರು. ನಲ್ಲಿ ತಿರುಗಿಸಿ ಬಾಯಿಗೆ ಹಾಕಿಕೊಂಡೆ. ಯಾವ ರುಚಿಯೂ ಇಲ್ಲ, ನಮ್ಮ ನೀರಿಗಿರುವ ಆ ಗಡಸು ಇಲ್ಲ. ಇದೇನು ಸಪ್ಪೆ ನೀರಪ್ಪಾ ಅಂತ ಅಂದುಕೊಂಡೆ.

ಕೆಜಿಎಫ್ ಅಂದ ಕೂಡಲೇ, ಸಭೆಗೆ ಬಂದು ಜೊತೆಗೆ ಊಟಕ್ಕೆ ಕೂತವರೆಲ್ಲ ಬಂಗಾರದ ಬಗ್ಗೆ ಕೇಳಿದರು. ಬಂಗಾರ ಹೋಯಿತು, ಗಣಿಯ ಕಸದ ಸೈನೈಡ್ ಗುಡ್ಡ ಉಳಿಯಿತು ಅಂತ ಹೇಳಿ ಹೇಳಿ ನನಗೇ ಸಾಕಾಯಿತು. ಜೋರು ಗಾಳಿ ಬೀಸಿದರೆ ಆ ಗುಡ್ಡದ ಪುಡಿ ಮನೆಯೊಳಗೆ ಬರುತ್ತೆ, ಉರಿಗಾಂ ಕಡೆ ಒಗೆದು ಹಾಕಿದ ಬಟ್ಟೆಯನ್ನು ಒಣಗುವ ಮೊದಲೇ ಒಳಗೆ ತರುತ್ತಾರೆ ಅಂದೆ. ಕೇಳುತ್ತಿದ್ದವರು ಒಳ್ಳೆಯ ಮಾತು ಹುಡುಕಿ, ಸಿಗದೆ, ಸೂಪು ಕುಡಿದರು.

ಎರಡನೆಯ ದಿನ, ನೀರಿನ ಮನೆ

ಊರಿಗೆಲ್ಲ ನೀರು ಹೋಗುವ ಜಾಗ ಅದು. ದೊಡ್ಡ ಯಂತ್ರಗಳ ಹಜಾರ ದಾಟಿ ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಒಳಗೆ ಒಂದು ತೊಟ್ಟಿ, ಅದರೊಳಗೆ ಸಾಲಾಗಿ ಎಂಟು ಕಪ್ಪೆಚಿಪ್ಪು, ಒಂದೊಂದೂ ಅಂಗೈಯಷ್ಟು ದೊಡ್ಡದು. ನಾವು ಚಿಕ್ಕವರಿದ್ದಾಗ ಕೆರೆಯಲ್ಲಿ ಆರಿಸಿ, ಬೆನ್ನು ತೇದು ತೂತು ಮಾಡಿ, ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದೆವಲ್ಲ, ಅದೇ ಜಾತಿ. ಇವು ಜೀವಂತ.

ಅವನ್ನು ನೋಡಿಕೊಳ್ಳುವವನ ಹೆಸರು ಯಾನುಷ್. ಅರವತ್ತರ ಹತ್ತಿರದ ಮನುಷ್ಯ, ಹುಬ್ಬು ದಪ್ಪ, ಮಾತು ಕಡಿಮೆ. ಅವನು ಹೇಳಿದ್ದನ್ನು ಮಾರ್ತಾ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಚಿಪ್ಪಿನ ಕೆಳಗಿನ ಅರ್ಧವನ್ನು ತೊಟ್ಟಿಗೆ ಅಂಟಿಸಿದ್ದಾರೆ, ಮೇಲಿನ ಅರ್ಧಕ್ಕೆ ಒಂದು ತುಂಡು ಅಯಸ್ಕಾಂತ, ಬಾಯಿ ಎಷ್ಟು ತೆರೆದಿದೆ ಅಂತ ಅದರಿಂದ ಯಂತ್ರಕ್ಕೆ ತಿಳಿಯುತ್ತದೆ. ನದಿಯಿಂದ ಬಂದ ಹಸಿ ನೀರು, ಇನ್ನೂ ಪೌಡರ್ ಬೀಳದ ನೀರು, ಇವುಗಳ ಮೇಲೆ ಹಗಲೂ ರಾತ್ರಿ ಹರಿಯುತ್ತದೆ. ನೀರು ಚೆನ್ನಾಗಿದ್ದರೆ ಚಿಪ್ಪು ಬಾಯಿ ತೆರೆದು ಉಂಡುಕೊಂಡಿರುತ್ತದೆ. ವಿಷ ಬಿದ್ದರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಒಂದೋ ಎರಡೋ ಮುಚ್ಚಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದಕ್ಕೂ ನಿದ್ದೆ ಇರುತ್ತದಂತೆ. ಹೆಚ್ಚಿನವು ಒಟ್ಟಿಗೆ ಮುಚ್ಚಿದರೆ ಗಂಟೆ ಹೊಡೆಯುತ್ತದೆ, ಊರಿನ ನೀರು ನಿಲ್ಲುತ್ತದೆ.

ಮೂರು ತಿಂಗಳಾದ ಮೇಲೆ ಈ ಎಂಟನ್ನೂ ಬಿಡಿಸಿ, ಬೆನ್ನಿಗೆ ಬಣ್ಣದ ಗುರುತು ಹಾಕಿ, ತಂದ ಕೆರೆಗೇ ಬಿಟ್ಟು ಬರುತ್ತಾರೆ. ಗುರುತು ಇದ್ದದ್ದನ್ನು ಮತ್ತೆ ತರುವುದಿಲ್ಲ. ಯಾಕೆ ಅಂತ ಕೇಳಿದೆ. ಅಷ್ಟು ದಿನದಲ್ಲಿ ಅವು ಇಲ್ಲಿನ ನೀರಿಗೆ ಒಗ್ಗಿಹೋಗುತ್ತವೆ, ಒಗ್ಗಿದ ಮೇಲೆ ಅವು ಹೇಳುವುದನ್ನು ನಂಬಬಾರದು ಅಂದ.

ನಾನು ಬಾವಿಯ ಫೋಟೊ ತೋರಿಸಿದೆ. ಪಾತ್ರೆಯಲ್ಲಿ ಎರಡು ಮೀನು, ಸುತ್ತ ಕೂತ ಹೆಂಗಸರು. ಯಾನುಷ್ ಕನ್ನಡಕ ಹಾಕಿಕೊಂಡು ನೋಡಿ ನನ್ನ ಭುಜ ತಟ್ಟಿದ. ಖುಷಿಗೆ ನಾನು ಬಾಯಿ ತುಂಬ ನಕ್ಕೆ. ಆಗ ಅವನು ಫೋಟೊ ಬಿಟ್ಟು ನನ್ನ ಬಾಯಿ ನೋಡಿದ.

ನನ್ನ ಹಲ್ಲಿನ ಮೇಲೆ ಅಡ್ಡಡ್ಡಕ್ಕೆ ಕಂದು ಪಟ್ಟಿಗಳಿವೆ. ನಮ್ಮ ಕಡೆ ಇದೇನೂ ವಿಶೇಷ ಅಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಯಾರಾದರೂ ಬಾಯಿ ತೆರೆದರೆ ಓಹೋ ಕೋಲಾರದ ಕಡೆಯವರು ಅಂತ ಗುರುತು ಹಿಡಿದು ಮಾತಾಡಿಸಿದ್ದೇನೆ. ಯಾನುಷ್ ಮಾತ್ರ ಸಂಕೋಚವಿಲ್ಲದೆ ಬೆರಳು ತೋರಿಸಿ ಏನೋ ಕೇಳಿದ. ಮಾರ್ತಾ ಕೆಂಪಾದರು, ಅನುವಾದ ಮಾಡಲು ಹಿಂಜರಿದರು. ಅವನು ಮತ್ತೆ ಕೇಳಿದ.

“ನೀವು ಚಿಕ್ಕವರಿದ್ದಾಗ ಫ್ಲೋರೈಡ್ ನೀರು ಕುಡಿದಿದ್ದೀರಿ. ಈ ಬಾವಿಯ ನೀರೂ ಅದೇನಾ ಅಂತ ಕೇಳುತ್ತಿದ್ದಾನೆ” ಅಂದರು ಮಾರ್ತಾ.

ಇದು ಬಾವಿ, ಬೋರು ಅಲ್ಲ ಅಂತ ಹೇಳಲು ಬಾಯಿ ತೆರೆದೆ. ಮಾತು ಅರ್ಧಕ್ಕೆ ನಿಂತಿತು. ಬಾವಿಯ ತಳದಲ್ಲಿ ಬೋರು ಕೊರೆಯುವಾಗ ನಾನು ಅಲ್ಲೇ ಪಕ್ಕದಲ್ಲಿ ನಿಂತು ಕಾಫಿ ಕುಡಿದಿದ್ದೆ. ನಮ್ಮ ಕಡೆ ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಇರುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ತರಬೇತಿಯಲ್ಲಿ ಹೇಳಿದ್ದರು. ಕುಡಿಯಬಾರದು ಅಂತ ಕೆಂಪು ಬಣ್ಣ ಬಳಿದ ಬೋರುಗಳ ಮುಂದೆ ದಿನಾ ಸ್ಕೂಟರಿನಲ್ಲಿ ಹೋಗಿದ್ದೇನೆ. ಆದರೆ ಕಲ್ಲು ಕಟ್ಟಿದ ಕಟ್ಟೆ, ರಾಟೆ, ಹಗ್ಗ ಇದ್ದರೆ ಅದು ನನ್ನ ಕಣ್ಣಿಗೆ ಸೇದೋ ಬಾವಿಯೇ. ಅದರಲ್ಲಿ ನನ್ನ ಮೀನು ಬೇರೆ ಆಡುತ್ತಿದ್ದವು. ಆ ನೀರನ್ನು ಒಂದು ಬಾಟಲಿಗೆ ಹಿಡಿದು ಪರೀಕ್ಷೆಗೆ ಕಳಿಸಬೇಕು ಅಂತ ಏಳೆಂಟು ವರ್ಷದಲ್ಲಿ ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಫ್ಲೋರೈಡ್ ಇದ್ದರೆ ಈ ಚಿಪ್ಪು ಮುಚ್ಚುತ್ತದಾ ಅಂತ ಕೇಳಿದೆ. ಯಾನುಷ್ ತಲೆ ಅಲ್ಲಾಡಿಸಿದ. ಬಂಡೆಯಿಂದ ಬರುವಷ್ಟು ಫ್ಲೋರೈಡ್‌ಗೆ ಚಿಪ್ಪೂ ಮುಚ್ಚುವುದಿಲ್ಲ, ಮೀನೂ ಸಾಯುವುದಿಲ್ಲ. ಅದು ಮೂಳೆಗೆ ಇಳಿಯಲು ವರ್ಷಗಳು ಬೇಕು, ಮೀನು ಅಷ್ಟು ದಿನ ಬದುಕಿರುವುದಿಲ್ಲ. ಅದನ್ನು ನೋಡಲು ಮೇಲಿನ ಮಹಡಿಯಲ್ಲಿ ಲ್ಯಾಬ್ ಇದೆ ಅಂದ. ಆಮೇಲೆ ತನ್ನ ಮೊಣಕಾಲು ಮುಟ್ಟಿ, ನಿಮ್ಮ ಊರಿನ ಮಕ್ಕಳ ಕಾಲು ಹೇಗಿವೆ ಅಂತ ಕೇಳಿದ.

ತೊಟ್ಟಿಯ ಅಂಚು ಹಿಡಿದುಕೊಂಡು ನಿಂತೆ. ಎಂಟೂ ಚಿಪ್ಪುಗಳು ಬಾಯಿ ತೆರೆದುಕೊಂಡಿದ್ದವು.

ಯಾನುಷ್ ಮನೆ

ಸಂಜೆ ಊಟಕ್ಕೆ ಬಾ ಅಂತ ಯಾನುಷ್ ಕರೆದಿದ್ದ. ಮಾರ್ತಾ ಜೊತೆ ಹೋದೆ. ಬಾಗಿಲು ತೆರೆದ ಕೂಡಲೇ ನಾನು ಹೊರಗಿನಿಂದಲೇ ಕೈ ಚಾಚಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ. ನನ್ನ ಮೇಲೆ ಸಿಟ್ಟು ಬಂದಿರಬೇಕು ಅಂದುಕೊಂಡೆ. ಹೊಸ್ತಿಲ ಮೇಲೆ ಕೈ ಕುಲುಕಬಾರದಂತೆ, ಒಳಗೆ ಬಂದ ಮೇಲೆ ಕುಲುಕಬೇಕಂತೆ. ನಮ್ಮಮ್ಮನೂ ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡುತ್ತಿರಲಿಲ್ಲ, ತೆಗೆದುಕೊಳ್ಳುತ್ತಲೂ ಇರಲಿಲ್ಲ. ಚಪ್ಪಲಿ ಬಿಚ್ಚಿಸಿ ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ ಕೊಟ್ಟರು. ಬೇರೆ ದಿನವಾಗಿದ್ದರೆ ಇದನ್ನೆಲ್ಲ ನೋಡಿ ನನಗೆ ಎಷ್ಟು ಖುಷಿಯಾಗುತ್ತಿತ್ತು.

ಬೀಟ್‌ರೂಟಿನ ಕೆಂಪು ಸಾರು, ಆಲೂಗಡ್ಡೆ ತುಂಬಿದ ಕಡುಬು ಮಾಡಿದ್ದರು. ಅವನ ಹೆಂಡತಿ ಪಕ್ಕದಲ್ಲೇ ನಿಂತು ಬಡಿಸಿದರು. ನಾನು ಉಂಡೆ, ರುಚಿ ಏನಿತ್ತೋ ತಿಳಿಯಲಿಲ್ಲ. ಭವ್ಯಳ ಕಾಲಿನ ವಿಷಯ ಹೇಳಿದೆ. ಮಗು ಹುಟ್ಟಿದಾಗಿನಿಂದ ಅದೇ ನೀರೇನಾ ಅಂತ ಅವನ ಹೆಂಡತಿ ಕೇಳಿದರು. ಹೌದು ಅಂದೆ. ಅವರು ಚಮಚ ಕೆಳಗಿಟ್ಟರು. ನಿಮ್ಮ ತಪ್ಪಲ್ಲ ಅಂತ ಅವರಲ್ಲಿ ಯಾರೂ ಹೇಳಲಿಲ್ಲ, ಅಂಥ ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಆ ಜನಕ್ಕಿಲ್ಲ ಅನ್ನಿಸುತ್ತೆ.

ಮೂರನೆಯ ದಿನ

ಬೆಳಿಗ್ಗೆ ಎದ್ದು ಮಂಜುಳಳಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಬಿಸಿಲೇರಿದ ಹೊತ್ತು. ಅವಳು ವಿಮಾನ ಹೇಗಿತ್ತು, ಅನ್ನ ಸಿಗುತ್ತಾ ಅಂತೆಲ್ಲ ಕೇಳಿದಳು. ಬಾವಿ ವಿಷಯ ಎತ್ತಿದೆ.

“ಮೀನು ಚೆನ್ನಾಗವೆ ಕಣಣ್ಣ, ನೆನ್ನೆ ತಾನೇ ನೋಡ್ದೆ” ಅಂದಳು.

“ಆ ನೀರು ಮಗೀಗೆ ಕೊಡಬೇಡ ಮಂಜು. ಇವತ್ತಿಂದಾನೇ ಬೇಡ.”

“ಯಾಕಣ್ಣ? ನೀನೇ ತಾನೇ ಕುಡೀರಿ ಅಂದಿದ್ದು.”

ಬೋರಿನ ನೀರು, ಫ್ಲೋರೈಡ್, ಮೂಳೆ, ಎಲ್ಲವನ್ನೂ ಹೇಳಿದೆ. ಊರೂರಿಗೆ ಹೋಗಿ ಹೆಂಗಸರನ್ನು ಕೂರಿಸಿಕೊಂಡು ಭಾಷಣ ಮಾಡುವವನು ನಾನು, ನನ್ನ ತಂಗಿಗೆ ಇಷ್ಟು ಹೇಳಲು ಮೂರು ಸಲ ಮೊದಲಿಂದ ಶುರು ಮಾಡಿದೆ. ಅವಳು ಕೇಳಿಸಿಕೊಂಡಳು.

“ಅಂಗಾದ್ರೆ ಮಗೀನ ಕಾಲು?”

“ನೀರಿಂದಾನೇ.”

ಹಸುವಿನ ಕೊರಳ ಗಂಟೆ ಫೋನಿನಲ್ಲಿ ಕೇಳಿಸುತ್ತಿತ್ತು.

“ಉಟ್ಟಿದಾಗಿಂದ ಅದೇ ನೀರು ಕುಡಿಸೀನಿ ಕಣಣ್ಣ” ಅಂದಳು. “ಆಲಿಗೂ ಅದನ್ನೇ ಬೆರಸೀನಿ. ನಿನ್ ಮಾತು ಕೇಳಿ.”

ಅಷ್ಟು ಹೇಳಿ ಫೋನ್ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಸಭೆ. ಬೇರೆ ಬೇರೆ ದೇಶದವರು, ಒಬ್ಬರು ನೀರಿನ ಚಿಗಟ ಅನ್ನುವ ಸಣ್ಣ ಹುಳುವಿನ ಬಗ್ಗೆ, ಇನ್ನೊಬ್ಬರು ಟ್ರೌಟ್ ಮೀನಿನ ಬಗ್ಗೆ ಮಾತಾಡಿದರು. ನನ್ನ ಸರದಿ ಬಂದಾಗ ಪರದೆ ಮೇಲೆ ಅದೇ ಫೋಟೊ ಬಂತು, ಪಾತ್ರೆ, ಮೀನು, ಹೆಂಗಸರು. ಮಾರ್ತಾ ನನಗೋಸ್ಕರ ಬರೆದು ಕೊಟ್ಟಿದ್ದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನನಗೆ ಬರುವ ಇಂಗ್ಲಿಷಿನಲ್ಲಿ, ಈ ಮೀನು ನಮಗೆ ಒಂದು ಸುಳ್ಳು ಹೇಳಿತು ಅಂತ ಶುರು ಮಾಡಿದೆ. ತಕ್ಷಣ ತಿದ್ದಿಕೊಂಡು, ಮೀನು ಸುಳ್ಳು ಹೇಳಲಿಲ್ಲ, ಮೀನಿಗೆ ಗೊತ್ತಿಲ್ಲದ್ದನ್ನು ನಾನು ಮೀನಿನ ಬಾಯಲ್ಲಿ ಹೇಳಿಸಿದೆ ಅಂದೆ. ಒಳ್ಳೆಯ ನೀರಿನಲ್ಲಿ ಮೀನು ಸತ್ತದ್ದು, ಕೆಟ್ಟ ನೀರಿನಲ್ಲಿ ಮೀನು ಬದುಕಿದ್ದು, ಘಟಕಕ್ಕೆ ಬೀಗ ಬಿದ್ದದ್ದು, ನನ್ನ ತಂಗಿಯ ಮಗಳ ಕಾಲು, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿ ಮುಗಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಕೈ ಎತ್ತಿ, ಹಾಗಾದರೆ ನಿಧಾನದ ವಿಷವನ್ನು ನಿಮ್ಮ ಊರಿನಲ್ಲಿ ಯಾವ ಜೀವಿ ತೋರಿಸಿತು ಅಂತ ಕೇಳಿದರು. ಪಾಪ, ಅವರು ಪಾಠದ ಪ್ರಶ್ನೆಯನ್ನೇ ಕೇಳಿದ್ದು.

“ನಮ್ಮ ಮಕ್ಕಳು” ಅಂದೆ.

ಚಹಾ ವಿರಾಮ ಅಂತ ಘೋಷಿಸಿದರು. ಮಾರ್ತಾ ಬಂದು ಪಕ್ಕದಲ್ಲಿ ನಿಂತು, ಆ ಫೋಟೊವನ್ನು ಎಷ್ಟೋ ಕಡೆ ತೋರಿಸಿದ್ದೇನೆ ಅಂದರು. ನಾಲ್ಕನೆಯ ದಿನ ಊರು ತೋರಿಸುತ್ತೇವೆ ಅಂದಿದ್ದರು. ನಾನು ಕೋಣೆ ಬಿಟ್ಟು ಹೋಗಲಿಲ್ಲ.

ಮತ್ತೆ ಕ್ಯಾಸಂಬಳ್ಳಿ ಕಡೆ

ಬಂದ ಮರುದಿನವೇ ಬಾವಿಯ ನೀರು ಬಾಟಲಿಗೆ ಹಿಡಿದು ಪರೀಕ್ಷೆಗೆ ಕೊಟ್ಟೆ. ಭವ್ಯಳನ್ನು ಕೋಲಾರಕ್ಕೆ ಕರೆದುಕೊಂಡು ಹೋದೆವು. ಮೂಳೆ ಡಾಕ್ಟರು ಎಕ್ಸ್‌ರೇ ದೀಪಕ್ಕೆ ಹಿಡಿದು, ಯಾವ ಊರು, ಯಾವ ನೀರು ಅಂತಲೇ ಮೊದಲು ಕೇಳಿದರು. ಆ ನೀರು ಕುಡಿಯುವುದನ್ನು ಬಿಡಿಸಿದರೆ ಹೆಚ್ಚು ಬಗ್ಗುವುದು ನಿಲ್ಲಬಹುದು, ಬಗ್ಗಿರುವುದು ತಾನಾಗಿ ನೆಟ್ಟಗಾಗುವುದಿಲ್ಲ, ಬೆಳೆದ ಮೇಲೆ ಮೂಳೆ ಕತ್ತರಿಸಿ ಕೂಡಿಸುವ ಆಪರೇಷನ್ ಮಾಡಿ ನೋಡಬೇಕಾಗುತ್ತೆ ಅಂದರು. ಬಸ್ಸಿನಲ್ಲಿ ಮಂಜುಳ ಕಿಟಕಿ ಕಡೆ ತಿರುಗಿ ಕೂತವಳು ಊರು ಬರುವವರೆಗೂ ಈ ಕಡೆ ನೋಡಲಿಲ್ಲ.

ನೀರಿನ ವರದಿ ಬಂತು. ಕುಡಿಯಲು ಯೋಗ್ಯವಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಹಿಡಿದುಕೊಂಡು ಬಾವಿಕಟ್ಟೆಗೆ ಹೋಗಿ ಎಲ್ಲರನ್ನೂ ಕೂಗಿ ಓದಿದೆ, ನಮ್ಮ ಹಲ್ಲಿನ ಮೇಲಿನ ಪಟ್ಟಿಗೂ ಇಂಥ ನೀರೇ ಕಾರಣ ಅಂದೆ. ಅವರು ಕಾಗದ ನೋಡಲಿಲ್ಲ, ಬಾವಿಗೆ ಬಗ್ಗಿ ನೋಡಿದರು. ಮೀನು ಮಿಂಚುತ್ತಿದ್ದವು. ಮುನಿಯಮ್ಮ ಅಂತ ವಯಸ್ಸಾದಾಕೆ, ಮೊದಲ ದಿನ ಫಿಲ್ಟರ್ ನೀರಿಗೆ ಮೀನು ಬಿಟ್ಟು ನೋಡಿದವಳು ಅವಳೇ, ನನ್ನನ್ನು ಮಗುವಿಗೆ ಹೇಳುವಂತೆ ಸಮಾಧಾನ ಮಾಡಿದಳು.

“ನಮ್ ಅಲ್ಲು ಯಾವಾಗ್ಲಿಂದ್ಲೋ ಇಂಗೇ ಅವೆ ಸಾ. ಮೀನೇನು ಸುಳ್ಳು ಯೋಳ್ತವಾ?”

ಮೂರು ವಾರ ಆ ಊರಿಗೆ ಓಡಾಡಿದೆ. ಪಂಚಾಯ್ತಿಯವರ ಹಿಂದೆ ಬಿದ್ದು ಘಟಕದ ಬೀಗ ತೆಗೆಸಿದೆ, ರಿಪೇರಿ ಮಾಡಿಸಿದೆ, ಟ್ಯಾಂಕನ್ನು ತೊಳೆದು ತೊಳೆದು ಪೌಡರ್ ವಾಸನೆ ಪೂರ್ತಿ ಹೋಗುವ ಹಾಗೆ ಮಾಡಿದೆ, ಆ ನೀರನ್ನೂ ಪರೀಕ್ಷೆ ಮಾಡಿಸಿದೆ. ಮಂಜುಳಳ ಮನೆ ಬಿಟ್ಟು ಯಾರೂ ಬರಲಿಲ್ಲ. ಫಿಲ್ಟರಿನವರು ನನ್ನ ಕೈ ಬಿಸಿ ಮಾಡಿದ್ದಾರೆ ಅಂತ ಒಬ್ಬ ಅಂದ. ಪಾರಿನ್ನಿಗೆ ಹೋಗಿ ಬಂದ ಮೇಲೆ ನಮ್ಮ ನೀರು ಸೇರುತ್ತಿಲ್ಲ ಅಂತ ಇನ್ನೊಬ್ಬ ನಕ್ಕ. ಬಾವಿಯ ಪಕ್ಕದ ಮನೆಯಲ್ಲಿ ಎರಡು ವರ್ಷದ ಒಂದು ಮಗು ಇತ್ತು. ಅದರ ಕಾಲು ಇನ್ನೂ ನೆಟ್ಟಗಿದ್ದವು. ಅದಕ್ಕೆ ಅವರಮ್ಮ ಅದೇ ನೀರಿನಲ್ಲಿ ರಾಗಿ ಸರಿ ಕಲಸಿ ತಿನ್ನಿಸುತ್ತಿರುವುದನ್ನು ನೋಡಿ ಮಂಜುಳಳ ಜಗಲಿಗೆ ಬಂದು ಕೂತೆ.

ಅವಳು ಮೂರು ವಾರದಿಂದ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಕಾಫಿ ತಂದು ಇಟ್ಟಳು.

“ನೀನು ಕಾಗದ ಓದಿದ್ರೆ ನಂಬಲ್ಲ ಇವ್ರು” ಅಂದಳು. “ಮೀನು ಸತ್ರೆ ನಂಬ್ತಾರೆ. ಸಾಯ್ಸು.”

ಮರುದಿನ ಹಾಲು ಕರೆಯಲು ಊರು ಏಳುವ ಹೊತ್ತಿಗಿಂತ ಸ್ವಲ್ಪ ಮೊದಲು, ಮೂಡಲಲ್ಲಿ ಬೆಳಕು ಹರಿಯುವಾಗ, ಇಬ್ಬರೂ ಬಾವಿಗೆ ಹೋದೆವು. ಬಕೆಟ್ಟಿನಲ್ಲಿ ಪೌಡರ್ ಕಲಸಿದೆ. ಸುರಿಯಲು ನನ್ನ ಕೈ ಏಳಲಿಲ್ಲ. ಮಂಜುಳ ಬಕೆಟ್ಟು ಕಿತ್ತುಕೊಂಡು ಸುರಿದಳು, ಎರಡನೆಯದನ್ನೂ ಸುರಿದಳು. ಹಗ್ಗದ ಬಿಂದಿಗೆ ಇಳಿಬಿಟ್ಟು ನೀರು ಕಲಕಿದಳು. ಸ್ವಲ್ಪ ಹೊತ್ತಿಗೆ ಮೀನು ಮೇಲೆ ಬಂದು ಗಾಳಿಗೆ ಬಾಯಿ ತೆರೆಯತೊಡಗಿದವು. ಆಮೇಲೆ ಒಂದೊಂದೇ ಮಗುಚಿಕೊಂಡವು. ನಾನೇ ತಂದು ಬಿಟ್ಟ ಮೀನಿನ ಮರಿಮರಿಗಳು ಅವು. ಅಳು ಬಂತು, ಅತ್ತೆ. ಮಂಜುಳ ಅಳಲಿಲ್ಲ.

ಬಿಸಿಲು ಬರುವಷ್ಟರಲ್ಲಿ ಊರೆಲ್ಲ ಕಟ್ಟೆಯ ಸುತ್ತ ಸೇರಿತ್ತು. ನ್ಯಾಯಬೆಲೆ ಅಂಗಡಿ ಮುಂದೆ ನಿಂತ ಹಾಗೆ ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿ ನೋಡಿದರು. ನೀರು ವಾಸನೆ ಬರುತ್ತಿದೆ ಅಂದರು. ಏನಾಗಿದೆ ಸಾರ್ ಅಂತ ನನ್ನನ್ನೇ ಕೇಳಿದರು. ನೀರು ಪೂರ್ತಿ ಕೆಟ್ಟಿದೆ, ಮೀನು ಸತ್ತದ್ದನ್ನು ನಾನೂ ಈಗಲೇ ನೋಡುತ್ತಿರುವುದು ಅಂದೆ. ಮುನಿಯಮ್ಮ ತುಂಬಿದ್ದ ಬಿಂದಿಗೆಯನ್ನು ಅಲ್ಲೇ ಬಗ್ಗಿಸಿದಳು. ವರದಿಯ ಕಾಗದ ನನ್ನ ಜೇಬಿನಲ್ಲೇ ಇತ್ತು, ಯಾರೂ ಅದರ ವಿಷಯ ಎತ್ತಲಿಲ್ಲ. ಘಟಕದ ಮುಂದೆ ಅಗಲವಾದ ಪಾತ್ರೆಯಲ್ಲಿ ಫಿಲ್ಟರ್ ನೀರು ತುಂಬಿ, ಬೇರೆ ಊರಿನಿಂದ ತಂದ ಎರಡು ಮೀನು ಬಿಟ್ಟೆ. ಮಧ್ಯಾಹ್ನದವರೆಗೂ ಕಾವಲು ಕೂತು ನೋಡಿದರು. ಸಾಯಲಿಲ್ಲ. ಸಂಜೆಗೆ ಕ್ಯಾನುಗಳ ಸಾಲು ರಸ್ತೆಯವರೆಗೆ ಬಂದಿತ್ತು. ಸಾಲಿನಲ್ಲಿ ರಾಗಿ ಸರಿಯ ಮಗುವಿನ ಅಮ್ಮನೂ ಇದ್ದಳು.

ಭವ್ಯ ತನ್ನದೇ ಒಂದು ಸಣ್ಣ ಕ್ಯಾನು ತಂದಿದ್ದಳು. ತುಂಬಿಸಿಕೊಂಡು ನನ್ನ ಜೊತೆ ಮನೆ ಕಡೆ ಹೊರಟಳು. ನಾನು ಹಿಡಿದುಕೊಳ್ಳುತ್ತೇನೆ ಅಂದರೂ ಕೊಡಲಿಲ್ಲ. ಮೊಣಕಾಲು ತಾಗಿಸಿಕೊಂಡು, ನೀರು ತುಳುಕಿಸದೆ ನಿಧಾನವಾಗಿ ನಡೆಯುತ್ತಿದ್ದಳು.

“ಮಾವ, ಇನ್ನು ಈ ನೀರೇ ಕುಡೀತೀನಲ್ಲ. ನನ್ ಕಾಲು ನೆಟ್ಟಗಾಗ್ತವಾ?”

“ಇನ್ನು ಬಗ್ಗಲ್ಲ ಪುಟ್ಟ.”

“ನೆಟ್ಟಗೆ?”

ಬೆಳಿಗ್ಗೆ ಇಡೀ ಊರಿಗೆ ಸುಳ್ಳು ಹೇಳಿದವನಿಗೆ ಒಂದು ಮಗುವಿಗೆ ಇನ್ನೊಂದು ಸುಳ್ಳು ಹೇಳುವುದು ಕಷ್ಟವಾಗಬಾರದಿತ್ತು. ಬಿಂದಿಗೆ ಹೊತ್ತು ಹಿಂದೆ ಬರುತ್ತಿದ್ದ ಮಂಜುಳಳೂ ನಾನೇನು ಹೇಳುತ್ತೇನೋ ಅಂತ ನಿಂತಳು.

“ಇಲ್ಲ” ಅಂದೆ.

ಭವ್ಯ ಕ್ಯಾನನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದಳು.